ಪ್ರವಾಸಕ್ಕೆ ವಾಕಿಟಾಕಿ: ಬೆಲೆಗಿಂತ ಮೊದಲು ತರಂಗಾಂತರ ನೋಡಿ

ಬಂಗಾರಪೇಟೆ: ಮಹಾಶಿವರಾತ್ರಿಯಂದು ಕಮ್ಮಸಂದ್ರದ ಕೋಟಿಲಿಂಗೇಶ್ವರನ ದರ್ಶನಕ್ಕೆ ಬರುವ ಕುಟುಂಬಗಳಿಗೆ ಒಂದು ತೊಂದರೆ ತಪ್ಪಿದ್ದಲ್ಲ. ಅಜ್ಜಿ ದರ್ಶನದ ಸಾಲಿನಲ್ಲಿರುತ್ತಾರೆ, ಮಕ್ಕಳು 108 ಅಡಿ ಎತ್ತರದ ಶಿವಲಿಂಗದ ಬಳಿ ಇರುತ್ತಾರೆ, ವಾಹನ ನಿಲ್ಲಿಸಲು ಹೋದವರು ಇನ್ನೆಲ್ಲೋ ಇರುತ್ತಾರೆ. ಎಲ್ಲರ ಕೈಯಲ್ಲೂ ಮೊಬೈಲ್ ಇರುವುದಿಲ್ಲ. ಇದ್ದರೂ ಸಾವಿರಾರು ಮಂದಿ ಒಂದೇ ಕಡೆ ಸೇರಿದಾಗ ಕರೆ ಸಿಗುವುದು ಸುಲಭವಲ್ಲ. ಕೋಲಾರದ ಅಂತರಗಂಗೆ ಬೆಟ್ಟವನ್ನು ಹತ್ತುವವರಿಗೂ, ಎರಡು-ಮೂರು ಕಾರುಗಳಲ್ಲಿ ಒಟ್ಟಾಗಿ ಹೊರಡುವವರಿಗೂ ಇದೇ ಅನುಭವ.

ಇಂತಹ ಸಂದರ್ಭಕ್ಕೆ ವಾಕಿಟಾಕಿ ಒಳ್ಳೆಯ ಪರಿಹಾರ. ಗುಂಡಿ ಒತ್ತಿ ಮಾತನಾಡಿದರೆ ಕುಟುಂಬದ ಎಲ್ಲರಿಗೂ ಒಮ್ಮೆಲೇ ಕೇಳಿಸುತ್ತದೆ. ಸಿಮ್ ಬೇಡ, ಗೋಪುರ ಬೇಡ, ತಿಂಗಳ ಶುಲ್ಕವೂ ಇಲ್ಲ. ಆದರೆ ಆನ್‌ಲೈನ್ ಮಾರುಕಟ್ಟೆಯಲ್ಲಿ ಅಗ್ಗವಾಗಿ ದೊರೆಯುವ ವಾಕಿಟಾಕಿಗಳೆಲ್ಲವೂ ಸಾಮಾನ್ಯ ನಾಗರಿಕರು ಬಳಸಬಹುದಾದವುಗಳಲ್ಲ. ಪರವಾನಗಿ ಬೇಕಾದ ಉಪಕರಣವನ್ನು ಆಟಿಕೆಯೆಂದು ನಂಬಿ ಕೊಂಡವರು ಅರಿವಿಲ್ಲದೆಯೇ ಕಾನೂನನ್ನು ಮೀರಿರುತ್ತಾರೆ. ಹಾಗಾಗಿ ಬೆಲೆ ಕೇಳುವ ಮೊದಲು ಉಪಕರಣದ ತರಂಗಾಂತರ ಯಾವುದೆಂದು ಕೇಳುವುದು ಅಗತ್ಯ.

ಕಾನೂನು ಏನು ಹೇಳುತ್ತದೆ?

ಆಕಾಶದಲ್ಲಿ ಸಾಗುವ ರೇಡಿಯೋ ಅಲೆಗಳ ಮೇಲೆ ನಮ್ಮಲ್ಲಿ ಸರ್ಕಾರದ ಹಿಡಿತ ಹಳೆಯದು. ವೈರ್‌ಲೆಸ್ ಉಪಕರಣವನ್ನು ಬಳಸಲು ಮಾತ್ರವಲ್ಲ, ಇಟ್ಟುಕೊಳ್ಳುವುದಕ್ಕೂ ಪರವಾನಗಿ ಇರಬೇಕೆಂದು 1933ರ ಭಾರತೀಯ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ವಿಧಿಸಿತು. 2023ರ ದೂರಸಂಪರ್ಕ ಕಾಯ್ದೆಯೂ ಇದೇ ತತ್ವವನ್ನು ಅನುಸರಿಸಿದೆ.

ಬಂಗಾರಪೇಟೆ ತಾಲ್ಲೂಕಿಗೆ ಈ ನಿರ್ಬಂಧದ ಪರಿಚಯ ಚೆನ್ನಾಗಿಯೇ ಇದೆ. ಹೈದರಾಲಿಯ ಜನ್ಮಸ್ಥಳವಾದ ಬೂದಿಕೋಟೆಯಲ್ಲಿ 2000ದ ದಶಕದ ಆರಂಭದಲ್ಲಿ ‘ನಮ್ಮ ಧ್ವನಿ’ ಎಂಬ ಸಮುದಾಯ ಬಾನುಲಿ ಪ್ರಯತ್ನ ಪ್ರಾರಂಭವಾಯಿತು. ಹಳ್ಳಿಯ ಜನರೇ ಕಾರ್ಯಕ್ರಮ ತಯಾರಿಸುತ್ತಿದ್ದರು. ಆದರೆ ಇಂತಹ ಸಂಸ್ಥೆಗಳಿಗೆ ಆಗ ಪ್ರಸಾರದ ಪರವಾನಗಿ ನೀಡುವ ವ್ಯವಸ್ಥೆಯೇ ಇರಲಿಲ್ಲ. ಆದ್ದರಿಂದ ಅವರು ತಮ್ಮ ಧ್ವನಿಯನ್ನು ಅಲೆಗಳ ಬದಲು ಕೇಬಲ್ ತಂತಿಯ ಮೂಲಕ ಮನೆಗಳಿಗೆ ತಲುಪಿಸಿದರು. ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ಬಾನುಲಿಯ ಬಾಗಿಲು ತೆರೆದದ್ದು 2006ರಲ್ಲಿ.

ಕುಟುಂಬಗಳ ಬಳಕೆಗೆ ಅನುಕೂಲವಾಗುವ ಸಡಿಲಿಕೆ ದೊರೆತದ್ದು 2018ರಲ್ಲಿ. ಕಡಿಮೆ ಶಕ್ತಿಯ, ಅಲ್ಪ ದೂರದ ರೇಡಿಯೋ ಉಪಕರಣಗಳಿಗೆ ಕೇಂದ್ರ ಸರ್ಕಾರ ಆ ವರ್ಷ ರೂಪಿಸಿದ ವಿನಾಯಿತಿ ನಿಯಮಗಳಲ್ಲಿ 446.0ರಿಂದ 446.2 ಮೆಗಾಹರ್ಟ್ಸ್ ವರೆಗಿನ ತರಂಗಾಂತರವೂ ಸೇರಿದೆ. ನಿಗದಿತ ಶಕ್ತಿಯ ಮಿತಿಯೊಳಗೆ ಈ ಪಟ್ಟಿಯಲ್ಲಿ ಕೆಲಸ ಮಾಡುವ, ಮಾದರಿ ಅನುಮೋದನೆ ಪಡೆದ ಕೈಸೆಟ್ಟುಗಳಿಗೆ ಬಳಕೆದಾರನ ಪರವಾನಗಿ ಬೇಕಿಲ್ಲ. ಇದು ಕೇಂದ್ರದ ನಿಯಮವಾದುದರಿಂದ ಕೆಜಿಎಫ್‌ನಿಂದ ಗಡಿ ದಾಟಿ ಆಂಧ್ರದ ಕುಪ್ಪಂಗೋ ತಮಿಳುನಾಡಿಗೋ ಹೋದರೂ ವ್ಯತ್ಯಾಸವಾಗದು.

ಮಾರಾಟಗಾರರ ಹೊಣೆ

ನಿಯಮ ಇದ್ದರೂ ಮಾರುಕಟ್ಟೆ ಅದನ್ನು ಪಾಲಿಸಲಿಲ್ಲ. ತರಂಗಾಂತರವನ್ನಾಗಲಿ ಪರವಾನಗಿಯ ಅಗತ್ಯವನ್ನಾಗಲಿ ತಿಳಿಸದೆ ವಾಕಿಟಾಕಿ ಮಾರಲಾಗುತ್ತಿದೆ ಎಂಬ ಕಾರಣಕ್ಕೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2025ರ ಮೇ ತಿಂಗಳಲ್ಲಿ ಇ-ವಾಣಿಜ್ಯ ತಾಣಗಳಿಗೆ 13 ನೋಟಿಸುಗಳನ್ನು ಜಾರಿ ಮಾಡಿತು. ಅದೇ ತಿಂಗಳ ಕೊನೆಯಲ್ಲಿ ಪ್ರತ್ಯೇಕ ಮಾರ್ಗಸೂಚಿಯೂ ಹೊರಬಿತ್ತು. ಉಪಕರಣ ಯಾವ ತರಂಗಾಂತರದಲ್ಲಿ ಕೆಲಸ ಮಾಡುತ್ತದೆ ಎಂಬುದನ್ನು ಮಾರಾಟದ ಪುಟದಲ್ಲಿ ನಮೂದಿಸಬೇಕು, ‘ಇಟಿಎ’ ಎಂದು ಕರೆಯಲಾಗುವ ಮಾದರಿ ಅನುಮೋದನೆ ಇರಬೇಕು ಎಂಬುದು ಅದರ ಸಾರ.

ಈ ಕಟ್ಟುನಿಟ್ಟಿಗೆ ಕಾರಣವಿದೆ. ಪೊಲೀಸರು, ಅಗ್ನಿಶಾಮಕ ದಳ, ರೈಲ್ವೆ ಮುಂತಾದ ಸೇವೆಗಳು ಸಹ ವೈರ್‌ಲೆಸ್ ಸಂಪರ್ಕವನ್ನೇ ಅವಲಂಬಿಸಿವೆ. ಪ್ರವಾಸಿಯೊಬ್ಬನ ಕೈಯಲ್ಲಿರುವ ಶಕ್ತಿಶಾಲಿ ಸೆಟ್ಟು ತಪ್ಪು ತರಂಗಾಂತರದಲ್ಲಿ ಮಾತಿಗಿಳಿದರೆ, ತುರ್ತು ಸಂದೇಶವೊಂದು ಅದರಡಿ ಮುಚ್ಚಿಹೋಗಬಹುದು. ಜಾತ್ರೆಯ ಜನಸಂದಣಿಯಲ್ಲಿ ಇದರ ಪರಿಣಾಮ ಏನೆಂಬುದನ್ನು ವಿವರಿಸಬೇಕಾಗಿಲ್ಲ.

ಬೇಡವಾದವುಗಳನ್ನು ಮೊದಲು ಗುರುತಿಸಿ

ಮಾರುಕಟ್ಟೆಯಲ್ಲಿ ನಾಲ್ಕು ಬಗೆಯ ಉಪಕರಣಗಳ ಬಗ್ಗೆ ಎಚ್ಚರ ಅಗತ್ಯ.

ಮೊದಲನೆಯದು, 136ರಿಂದ 174 ಹಾಗೂ 400ರಿಂದ 520 ಮೆಗಾಹರ್ಟ್ಸ್ ಎಂದು ಬರೆದಿರುವ, 5 ವ್ಯಾಟ್ ಶಕ್ತಿಯ ‘ಡ್ಯುಯಲ್ ಬ್ಯಾಂಡ್’ ಸೆಟ್ಟುಗಳು. ಇವು ಅಗ್ಗವೂ ಹೌದು, ದೂರವನ್ನೂ ತಲುಪುತ್ತವೆ. ಆದರೆ ಪರವಾನಗಿ ಹೊಂದಿದ ಹ್ಯಾಮ್ ರೇಡಿಯೋ ಹವ್ಯಾಸಿಗಳಂಥವರಿಗೆ ಇವು ಸಲ್ಲುತ್ತವೆಯೇ ಹೊರತು ಪ್ರವಾಸ ಹೊರಟ ಕುಟುಂಬಕ್ಕಲ್ಲ. 446ಕ್ಕೆ ಹೊಂದಿಸಿಕೊಳ್ಳಬಹುದು ಎಂಬ ಮಾತ್ರಕ್ಕೆ ಇವು ಪರವಾನಗಿಮುಕ್ತವಾಗುವುದಿಲ್ಲ.

ಎರಡನೆಯದು, ಅಮೆರಿಕದಿಂದ ಬರುವ ಬಂಧುಗಳು ಉಡುಗೊರೆಯಾಗಿ ತರುವ ಸೆಟ್ಟುಗಳು. ಅಲ್ಲಿನ ಕೌಟುಂಬಿಕ ರೇಡಿಯೋ ಸೇವೆ 462 ಮತ್ತು 467 ಮೆಗಾಹರ್ಟ್ಸ್‌ನಲ್ಲಿ ನಡೆಯುತ್ತದೆ. ಅಲ್ಲಿ ಪರವಾನಗಿ ಬೇಡ ಎಂಬ ಮಾತು ಇಲ್ಲಿ ಅನ್ವಯಿಸದು.

ಮೂರನೆಯದು, ಸಿಮ್ ಹಾಕಿ ಬಳಸುವ ‘ನೆಟ್‌ವರ್ಕ್ ವಾಕಿಟಾಕಿ’. ಮಿತಿಯಿಲ್ಲದ ದೂರ ಎಂಬ ಜಾಹೀರಾತು ಸಾಮಾನ್ಯವಾಗಿ ಇವುಗಳದ್ದೇ. ಇವು ಮೊಬೈಲ್ ಜಾಲದ ಮೂಲಕ ಮಾತನಾಡುತ್ತವೆ. ಜಾಲ ಸಿಗದ ಕಡೆ ಮೊಬೈಲಿನಂತೆ ಇವೂ ಮೌನವಾಗುತ್ತವೆ.

ನಾಲ್ಕನೆಯದು, ತರಂಗಾಂತರವನ್ನೇ ನಮೂದಿಸದ ಆಟಿಕೆಗಳು. ಇವುಗಳಲ್ಲಿ ಅನೇಕವು 27 ಮೆಗಾಹರ್ಟ್ಸ್ ಆಸುಪಾಸಿನವು. ಈ ಪಟ್ಟಿಯ ಒಂದು ಭಾಗಕ್ಕೂ ನಮ್ಮಲ್ಲಿ ವಿನಾಯಿತಿ ಇದೆ. ಆದರೆ ಇಲ್ಲಿ ಅಲೆಯ ಉದ್ದ ಸುಮಾರು 11 ಮೀಟರ್; ಗೇಣುದ್ದದ ಆಂಟೆನಾ ಅದಕ್ಕೆ ಸಾಲದು. 446ರಲ್ಲಿ ಅಲೆಯ ಉದ್ದ ಸುಮಾರು 67 ಸೆಂಟಿಮೀಟರ್ ಇರುವುದರಿಂದ ಚಿಕ್ಕ ಆಂಟೆನಾ ಸಾಕಾಗುತ್ತದೆ. ಕೈಸೆಟ್ಟಿಗೆ ಇದು ಹೆಚ್ಚು ಹೊಂದುವುದು ಈ ಕಾರಣಕ್ಕೆ.

ಪೆಟ್ಟಿಗೆಯ ಮೇಲಿನ ಕಿಲೋಮೀಟರ್

ಹತ್ತು, ಇಪ್ಪತ್ತು, ಐವತ್ತು ಕಿಲೋಮೀಟರ್ ಎಂಬ ಬರಹವನ್ನು ನಂಬಿ ಹಣ ಹೆಚ್ಚು ಕೊಡಬೇಕಾಗಿಲ್ಲ. ಈ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ. ಸಮತಟ್ಟಾದ ಬಯಲಿನಲ್ಲಿ ಒಂದೂವರೆ ಮೀಟರ್ ಎತ್ತರದಲ್ಲಿ ಸೆಟ್ಟು ಹಿಡಿದವನಿಗೆ ದಿಗಂತ ಇರುವುದು ನಾಲ್ಕೂವರೆ ಕಿಲೋಮೀಟರ್ ಆಸುಪಾಸಿನಲ್ಲಿ. ಇಬ್ಬರದನ್ನೂ ಕೂಡಿಸಿದರೂ ಒಂಬತ್ತನ್ನು ದಾಟುವುದು ಕಷ್ಟ. ನೂರು ಮೀಟರ್ ಎತ್ತರದ ಗುಡ್ಡದ ಮೇಲೆ ನಿಂತರೆ ದಿಗಂತ ಸುಮಾರು 36 ಕಿಲೋಮೀಟರ್ ದೂರಕ್ಕೆ ಸರಿಯುತ್ತದೆ. ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಗಳು ಹುಟ್ಟುವುದು ಇಂತಹ ಬೆಟ್ಟದ ತುದಿಯ ಲೆಕ್ಕದಿಂದ.

ಈ ವರ್ಗದ ಸೆಟ್ಟುಗಳು ಯುರೋಪಿನಲ್ಲಿ ‘ಪಿಎಂಆರ್ 446’ ಎಂಬ ಹೆಸರಿನಿಂದ ಪ್ರಚಲಿತ. ಅಲ್ಲಿ ಅವುಗಳ ಶಕ್ತಿಯ ಮಿತಿ ಅರ್ಧ ವ್ಯಾಟ್. ಅಷ್ಟು ಶಕ್ತಿಯಲ್ಲಿ ತೆರೆದ ಬಯಲಿನಲ್ಲಿ ಎರಡು-ಮೂರು ಕಿಲೋಮೀಟರ್ ದೊರೆತರೆ ತೃಪ್ತಿಪಡಬೇಕು. ರಾಬರ್ಟ್‌ಸನ್‌ಪೇಟೆಯ ಕಟ್ಟಡಗಳ ನಡುವೆ ಅದು ಕೆಲವು ನೂರು ಮೀಟರುಗಳಿಗೆ ಇಳಿಯಬಹುದು. ಅಂತರಗಂಗೆಯ ಬಂಡೆಗಳ ಸಂದಿಯಲ್ಲಿ, ಗುಹೆಯ ಒಳಗೆ ಇನ್ನೂ ಕಡಿಮೆ. ಕಲ್ಲು ಈ ಅಲೆಗಳನ್ನು ತಡೆಯುತ್ತದೆ. ದೇವಾಲಯದ ಆವರಣಕ್ಕೆ, ಒಟ್ಟಿಗೆ ಸಾಗುವ ಕಾರುಗಳಿಗೆ ಇಷ್ಟು ದೂರ ಸಾಕು. ಬಂಗಾರಪೇಟೆ ಜಂಕ್ಷನ್‌ನಲ್ಲಿ ಇಳಿದವರು ಮಾರಿಕುಪ್ಪಂನಲ್ಲಿರುವವರೊಡನೆ ಮಾತನಾಡಲು ಇದು ಆಗದು.

ಕೊಳ್ಳುವಾಗ ಗಮನಿಸಿ

ಎರಡು ಅಥವಾ ನಾಲ್ಕರ ಜೊತೆಯಾಗಿ ಕೊಂಡರೆ ಒಂದೊಂದರ ಬೆಲೆ ಸಾಮಾನ್ಯವಾಗಿ ಇಳಿಯುತ್ತದೆ. ಬಿಡಿ ಸೆಲ್ ಬೇಡುವ ಸೆಟ್ಟು ಮೊದಲಿಗೆ ಅಗ್ಗ, ಆದರೆ ಪ್ರತಿ ಪ್ರವಾಸಕ್ಕೂ ಸೆಲ್‌ಗಳ ಖರ್ಚು ಸೇರುತ್ತದೆ. ಮೊಬೈಲ್ ಚಾರ್ಜರಿನಿಂದಲೇ ಚಾರ್ಜ್ ಮಾಡಬಹುದಾದ ಸೆಟ್ಟು ಕಾರಿನಲ್ಲೂ ಅನುಕೂಲ. ಮಳೆಗಾಲದ ಪ್ರವಾಸ ಇಷ್ಟಪಡುವವರು ನೀರಿನ ತುಂತುರು ತಡೆಯುವ ಗುಣವಿದೆಯೇ ಎಂದು ನೋಡಬೇಕು. ವಯಸ್ಸಾದವರಿಗೆ ದೊಡ್ಡ ಗುಂಡಿ, ಜೋರು ಧ್ವನಿ ಇವೆರಡೇ ಮುಖ್ಯ.

‘ಪ್ರೈವಸಿ ಕೋಡ್’ ಎಂಬ ಪದಕ್ಕೆ ಮರುಳಾಗಬಾರದು. ಅದು ಇತರರ ಮಾತು ನಮ್ಮ ಸೆಟ್ಟಿನಲ್ಲಿ ಕೇಳದಂತೆ ಮಾಡುವ ಸೋಸುವಿಕೆ ಮಾತ್ರ. ನಮ್ಮ ಮಾತನ್ನು ಗುಟ್ಟಾಗಿ ಇಡುವುದಿಲ್ಲ. ಅದೇ ಚಾನೆಲ್‌ನಲ್ಲಿರುವ ಯಾರು ಬೇಕಾದರೂ ಕೇಳಬಲ್ಲರು. ಮನೆಯ ವಿಳಾಸ, ಹಣದ ವಿಚಾರ, ಮಕ್ಕಳು ಒಂಟಿಯಾಗಿರುವ ಸಂಗತಿಗಳನ್ನು ಇದರಲ್ಲಿ ಹೇಳದಿರುವುದು ಕ್ಷೇಮ. ಬಿಲ್ಲು ಮತ್ತು ಮಾದರಿ ಅನುಮೋದನೆಯ ವಿವರದ ಪ್ರತಿಯನ್ನು ಸೆಟ್ಟಿನ ಜೊತೆಯಲ್ಲಿ ಇಟ್ಟುಕೊಂಡರೆ, ಕೇಳಿದವರಿಗೆ ತೋರಿಸಲು ಅನುಕೂಲ.

ಹೊರಡುವ ಮುನ್ನ

ಮನೆಯಲ್ಲೇ ಎಲ್ಲ ಸೆಟ್ಟುಗಳನ್ನು ಒಂದೇ ಚಾನೆಲ್‌ಗೆ, ಒಂದೇ ಕೋಡ್‌ಗೆ ಹೊಂದಿಸಿ ಪರೀಕ್ಷಿಸಬೇಕು. ಗುಂಡಿ ಒತ್ತಿದ ಕ್ಷಣ ಬಿಟ್ಟು ಮಾತು ಆರಂಭಿಸುವುದನ್ನು, ಮಾತು ಮುಗಿದೊಡನೆ ಗುಂಡಿ ಬಿಡುವುದನ್ನು ಮಕ್ಕಳಿಗೆ ಹೇಳಿಕೊಡಬೇಕು. ಒಬ್ಬರು ಗುಂಡಿ ಒತ್ತಿಯೇ ಇದ್ದರೆ ಉಳಿದವರು ಮಾತನಾಡಲು ಸಾಧ್ಯವಿಲ್ಲ.

ಎಷ್ಟೇ ಒಳ್ಳೆಯ ಸೆಟ್ಟಾದರೂ ಬ್ಯಾಟರಿ ಮುಗಿಯಬಹುದು, ಕೈಜಾರಿ ಬೀಳಬಹುದು. ಆದ್ದರಿಂದ ಸಂಪರ್ಕ ತಪ್ಪಿದರೆ ಎಲ್ಲಿ, ಎಷ್ಟು ಹೊತ್ತಿಗೆ ಸೇರಬೇಕೆಂಬುದನ್ನು ಮೊದಲೇ ನಿರ್ಧರಿಸಿಕೊಳ್ಳಬೇಕು. ಕೆಜಿಎಫ್‌ಗೆ ಬರುವವರಿಗೆ ಇನ್ನೊಂದು ಮಾತು. 2001ರ ಫೆಬ್ರುವರಿ 28ರಂದು ಮುಚ್ಚಿದ ಚಿನ್ನದ ಗಣಿಗಳ ಹಳೆಯ ಬಾವಿಗಳು ಮತ್ತು ಸಯನೈಡ್ ದಿಬ್ಬಗಳು ಮಕ್ಕಳು ಅಡ್ಡಾಡುವ ಜಾಗಗಳಲ್ಲ. ಕೈಯಲ್ಲಿ ವಾಕಿಟಾಕಿ ಇದೆಯೆಂಬ ಧೈರ್ಯದಿಂದ ಅವರನ್ನು ಅತ್ತ ಬಿಡಬಾರದು. ಮಗು ಎಲ್ಲಿದೆ ಎಂದು ತಿಳಿಯಲು ಸೆಟ್ಟು ನೆರವಾಗುತ್ತದೆ, ಕಾಯುವ ಕೆಲಸ ದೊಡ್ಡವರದೇ.