ಹೊಳೆಯ ದಂಡೆಗೆ ಒಯ್ಯಬೇಕಾದ ಹಗ್ಗ

ನೆಹರು ಗಂಜಿನ ಹಗ್ಗದಂಗಡಿಯೊಂದರ ಮುಂದೆ ನಾವು ಕಳೆದ ವಾರ ನಿಂತಿದ್ದೆವು. ತೊಗರಿಯ ಚೀಲ ಹೊಲಿಯುವ ಸುತಳಿಯಿಂದ ಬಾವಿಗೆ ಇಳಿಬಿಡುವ ದಪ್ಪ ಹಗ್ಗದವರೆಗೆ ಎಲ್ಲವೂ ಅಲ್ಲಿ ತೂಗಾಡುತ್ತಿದ್ದವು. ಹೊಳೆಗೆ ಹೋಗುವಾಗ ಜೊತೆಗಿರಲೆಂದು ನೈಲಾನ್ ಹಗ್ಗವೊಂದನ್ನು ಕೈಗೆತ್ತಿಕೊಂಡಾಗ ಅಂಗಡಿಯ ಹಿರಿಯರು ತಲೆಯಾಡಿಸಿದರು: "ಅದು ಮುಳುಗತದ್ರಿ ಸರ. ತೇಲೋದು ಬೇಕಂದ್ರ ಈ ಪ್ಲಾಸ್ಟಿಕ್ ಹಗ್ಗ ಒಯ್ಯಿರಿ." ರಭಸದ ನೀರಿನಲ್ಲಿ ರಕ್ಷಣೆಯ ತರಬೇತಿ ಪಡೆಯುವವರಿಗೂ ಇದನ್ನೇ ಕಲಿಸುತ್ತಾರೆ. ಪಾಲಿಪ್ರೊಪಿಲೀನ್ ಹಗ್ಗ ನೀರಿಗಿಂತ ಹಗುರ; ಮುಳುಗುತ್ತಿರುವವನ ಕಣ್ಣಿಗೂ ಕೈಗೂ ಸಿಗುತ್ತದೆ.

ಭೀಮೆಯ ಸ್ವಭಾವವನ್ನು ನಮ್ಮ ಜಿಲ್ಲೆ ಬಲ್ಲದು. ಇಲ್ಲಿ ಆಕಾಶ ತಿಳಿಯಾಗಿದ್ದರೂ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ. 2020ರ ಅಕ್ಟೋಬರಿನಲ್ಲಿ ಅಫಜಲಪುರ, ಜೇವರ್ಗಿ ಭಾಗದ ಹಳ್ಳಿಗಳು ಜಲಾವೃತಗೊಂಡು, ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯೂ ಸೇನೆಯೂ ದೋಣಿಗಳೊಂದಿಗೆ ಬರಬೇಕಾಯಿತು. ಆದರೆ ಅಂತಹ ಪಡೆ ಬರುವುದು ಮಹಾಪೂರಕ್ಕೆ. ರಜೆಯ ದಿನ ದಂಡೆಯಲ್ಲಿ ಕಾಲು ಜಾರಿದ ಮಗುವಿಗೆ ಸಿಗುವುದು ಕೆಲವೇ ನಿಮಿಷ, ಅಲ್ಲಿರುವವರು ನಾವೇ.

ಧರ್ಮಕೇಂದ್ರದ ಯುವಕರು ಪ್ರವಾಸ ಹೊರಟರೆ ಬುತ್ತಿ, ಪಾತ್ರೆ, ಚೆಂಡು ಎಲ್ಲವೂ ಬಸ್ಸು ಏರುತ್ತವೆ, ಹಗ್ಗ ಏರುವುದಿಲ್ಲ. ಒಬ್ಬನನ್ನು ಉಳಿಸಲು ಇನ್ನೊಬ್ಬ ಧುಮುಕಿ ಇಬ್ಬರೂ ಬಾರದೆ ಹೋದ ವಾರ್ತೆಯನ್ನು ಪ್ರತಿ ಬೇಸಿಗೆಯಲ್ಲಿಯೂ ಓದುತ್ತೇವೆ. ತರಬೇತಿಯ ಕ್ರಮ ಇದಕ್ಕೆ ವಿರುದ್ಧವಾದುದು: ಮೊದಲು ದಂಡೆಯಿಂದಲೇ ಕೋಲು ಚಾಚಬೇಕು, ನಿಲುಕದಿದ್ದರೆ ಹಗ್ಗ ಎಸೆಯಬೇಕು, ಆಮೇಲೆ ದೋಣಿ, ಈಜಿ ಹೋಗುವುದು ಎಲ್ಲಕ್ಕೂ ಕೊನೆಗೆ. ಹಗ್ಗವನ್ನು ಎಸೆಯುವವನು ತನ್ನ ಸೊಂಟಕ್ಕೆ ಎಂದಿಗೂ ಕಟ್ಟಿಕೊಳ್ಳಬಾರದು. ಸೆಳೆತ ಬಲವಾದರೆ ಅವನೂ ನೀರಿನ ಪಾಲು.

ಮಗುವನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟಿಸುವ ಸಂತ ಕ್ರಿಸ್ಟೋಫರರ ಚಿತ್ರ ನಮ್ಮವರ ಎಷ್ಟೋ ವಾಹನಗಳಲ್ಲಿದೆ. ಅವರ ಕೈಯ ಕೋಲನ್ನು ಮಾತ್ರ ನಾವು ಗಮನಿಸಿದಂತಿಲ್ಲ! ಹರಿವಿನ ವೇಗ ಎರಡರಷ್ಟಾದರೆ ಅದರ ತಳ್ಳುಬಲ ನಾಲ್ಕರಷ್ಟಾಗುತ್ತದೆ. ಮೊಣಕಾಲೆತ್ತರದ ನೀರೇ ಆಳನ್ನು ಬೀಳಿಸಬಲ್ಲದು. ಎರಡು ಅಡಿ ನೀರು ಕಾರನ್ನೇ ಒಯ್ಯುತ್ತದೆ. ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ ಸಂತರ ಚಿತ್ರವಿದ್ದರೂ ವಾಹನವನ್ನು ಹಿಂತಿರುಗಿಸುವುದೇ ಸರಿ.

ನೀರಿಗೆ ಬಿದ್ದವರಿಗೂ ಒಂದು ವಿದ್ಯೆ ಇದೆ. ಸೆಳೆತದಲ್ಲಿ ಎದ್ದು ನಿಲ್ಲಲು ಯತ್ನಿಸಿದರೆ ಪಾದ ಕಲ್ಲುಗಳ ನಡುವೆ ಸಿಕ್ಕಿಕೊಂಡು, ಹಿಂದಿನ ನೀರು ದೇಹವನ್ನು ಮುಂದಕ್ಕೆ ಅದುಮುತ್ತದೆ. ಆದುದರಿಂದ ಅಂಗಾತನಾಗಿ, ಪಾದಗಳನ್ನು ಹರಿವಿನ ದಿಕ್ಕಿಗೆ ಮೇಲೆತ್ತಿ ತೇಲುತ್ತ, ಓರೆಯಾಗಿ ದಂಡೆಯತ್ತ ಕೈಬೀಸಬೇಕು. ಹಗ್ಗ ಸಿಕ್ಕರೆ ಎದೆಯ ಮೇಲೆ ಹಿಡಿದು, ಹೆಗಲ ಮೇಲಿಂದ ಹಾಯಿಸಿ, ಬೆನ್ನ ಮೇಲೆ ಮಲಗಿರಬೇಕು.

ಸೊನ್ನ, ಘತ್ತರಗಿ, ಗಾಣಗಾಪುರಗಳ ಬ್ಯಾರೇಜುಗಳ ಬಳಿ ಇನ್ನೂ ಎಚ್ಚರ ಬೇಕು. ಕಟ್ಟೆಯಿಂದ ಧುಮುಕುವ ನೀರು ಬುಡದಲ್ಲಿ ಸುರುಳಿಯಾಗಿ ಹಿಂದಕ್ಕೇ ಹೊರಳುತ್ತದೆ. ಅದರೊಳಗೆ ಸಿಕ್ಕವರು ಮತ್ತೆ ಮತ್ತೆ ಅಲ್ಲಿಯೇ ಮುಳುಗುತ್ತಾರೆ. ದೂರದಿಂದ ನೋಡಿದರೆ ಮಕ್ಕಳನ್ನು ಕರೆಯುವಂತಹ ಬಿಳಿ ನೊರೆ, ಅಷ್ಟೆ.

ನಾವು ಇಪ್ಪತ್ತು ಮೀಟರು ಹಗ್ಗ ಕೊಂಡು, ಒಂದು ತುದಿಯನ್ನು ಬಟ್ಟೆಯ ಚೀಲದ ತಳಕ್ಕೆ ಬಿಗಿದು, ಉಳಿದುದನ್ನು ಸುತ್ತದೆ ಹಾಗೆಯೇ ಒಳಗೆ ತುಂಬಿದೆವು. ಭಾನುವಾರ ಬಲಿಪೂಜೆಯ ಬಳಿಕ ಮೈದಾನದಲ್ಲಿ ಎಸೆದು ನೋಡಿದಾಗ ಮೊದಲನೆಯದು ಬೇವಿನ ಕೊಂಬೆಗೆ ಸಿಕ್ಕಿಕೊಂಡಿತು, ಎರಡನೆಯದು ಗುರುಗಳ ಸೈಕಲ್ಲಿಗೆ. ಹತ್ತನೆಯ ಎಸೆತ, ಎಂಟನೆಯ ತರಗತಿಯ ಹುಡುಗಿಯೊಬ್ಬಳದು, ನಿಂತಿದ್ದವನ ಎದೆಗೇ ತಾಗಿತು.