ಹನ್ನೆರಡನೆಯ ಸಂಪುಟದೊಡನೆ ಒಂದು ಭಾನುವಾರ

ಭಾನುವಾರವನ್ನು ಹೇಗೆ ಕಳೆಯಬೇಕೆಂಬ ಪ್ರಶ್ನೆಗೆ ನಮ್ಮ ಪಟ್ಟಣಗಳ ವಿದ್ಯಾವಂತರಲ್ಲಿ ಸಾಮಾನ್ಯವಾಗಿ ಎರಡೇ ಉತ್ತರಗಳು ಕೇಳಬರುವುವು: ಮನೆಯಲ್ಲಿ ಮಲಗಿರುವುದು, ಇಲ್ಲವೆ ಹೆಸರಾಂತ ಸ್ಥಳಗಳಿಗೆ ಹೋಗಿ ಜನಸಂದಣಿಯಲ್ಲಿ ನುಗ್ಗಾಡಿ ಬರುವುದು. ಮೂರನೆಯದೊಂದು ಉಂಟೆಂಬುದನ್ನು ವಾಚಕರ ಗಮನಕ್ಕೆ ತರಬಯಸುತ್ತೇವೆ. ಅದಕ್ಕೆ ಬೇಕಾಗುವ ಸಾಮಗ್ರಿ ಬಹಳವಲ್ಲ. ಒಂದು ಬುತ್ತಿ, ಕುಡಿಯುವ ನೀರು, ದಾರಿಯಲ್ಲಿ ಸಿಕ್ಕವರನ್ನು ಮಾತನಾಡಿಸುವ ಸೌಜನ್ಯ, ಇವುಗಳೊಡನೆ ಒಂದು ಹಳೆಯ ಪುಸ್ತಕ. ಆ ಪುಸ್ತಕವೇ ಬಿ. ಎಲ್. ರೈಸ್ ಸಾಹೇಬರು ೧೯೦೪ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೆರಡನೆಯ ಸಂಪುಟ. ತುಮಕೂರು ಜಿಲ್ಲೆಯ ಶಾಸನಗಳನ್ನು ಅದರಲ್ಲಿ ತಾಲ್ಲೂಕುವಾರಾಗಿ ಜೋಡಿಸಿ, ಪ್ರತಿಯೊಂದಕ್ಕೂ ಊರಿನ ಹೆಸರನ್ನೂ, ಕಲ್ಲು ಇದ್ದ ಎಡೆಯನ್ನೂ ನಮೂದಿಸಿದೆ. ಕೆರೆಯ ಏರಿಯ ಮೇಲೆ, ಗುಡಿಯ ಮುಂದೆ, ಹೊಲದ ಬದುವಿನಲ್ಲಿ ಎಂಬ ಆ ಸಣ್ಣ ಟಿಪ್ಪಣಿಗಳನ್ನು ಹಿಡಿದು ಹೊರಟು, ನೂರಿಪ್ಪತ್ತು ವರ್ಷಗಳ ಮೇಲೆ ಕಲ್ಲು ಅಲ್ಲಿಯೇ ಇದೆಯೋ ಇಲ್ಲವೋ ನೋಡಿ ಬರುವುದೇ ನಾವು ಹೇಳಹೊರಟ ವಿನೋದ.

ರೈಸ್ ಸಾಹೇಬರು ೧೮೩೭ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ವೃತ್ತಿಯಿಂದ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಅಧಿಕಾರಿಗಳು. ಶಾಲೆಗಳ ತನಿಖೆಗೆಂದು ಊರೂರು ಸುತ್ತುತ್ತಿದ್ದಾಗ ಕಣ್ಣಿಗೆ ಬಿದ್ದ ಕಲ್ಲುಗಳಿಂದಲೇ ಅವರ ಶಾಸನವ್ಯಾಸಂಗ ಬೆಳೆಯಿತು. ೧೮೮೬ರಲ್ಲಿ ಕೊಡಗಿನ ಶಾಸನಗಳಿಂದ ಮೊದಲಾಗಿ ಹನ್ನೆರಡು ಸಂಪುಟಗಳಲ್ಲಿ ಸುಮಾರು ೯,೦೦೦ ಶಾಸನಗಳು ಹೊರಬಂದುವು. ಕಚೇರಿಯ ಕೆಲಸದ ನಡುವೆ ಹುಟ್ಟಿದ ಆಸಕ್ತಿಯೊಂದು ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ನಮ್ಮ ಅಧಿಕಾರಿವರ್ಗಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಕಳೆದ ಚಳಿಗಾಲದ ಒಂದು ಭಾನುವಾರ ನಾವು ತುಮಕೂರಿನಿಂದ ಬೆಳಗಿನ ಬಸ್ಸಿನಲ್ಲಿ ಕೊರಟಗೆರೆಯ ಕಡೆಗೆ ಹೊರಟೆವು. ಸಂಪುಟ ಅಚ್ಚಾದ ಕಾಲದಲ್ಲಿ ಕೊರಟಗೆರೆ ಪೂರ್ಣ ತಾಲ್ಲೂಕಾಗಿರಲಿಲ್ಲ, ಮಧುಗಿರಿಗೆ ಸೇರಿದ ಉಪತಾಲ್ಲೂಕು. ಮಧುಗಿರಿಯಾದರೋ ಆಗ ಮದ್ದಗಿರಿ. ಆದುದರಿಂದ ಈ ಭಾಗದ ಕಲ್ಲುಗಳನ್ನು ಅರಸುವವರು ಮದ್ದಗಿರಿಯ ಪುಟಗಳನ್ನೇ ತಿರುವಬೇಕು. ದೇವರಾಯನದುರ್ಗದಲ್ಲಿ ಹುಟ್ಟಿ ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿಯ ಈ ಸೀಮೆಯಲ್ಲಿ ಮಳೆ ಕಡಮೆ, ಬಂಡೆ ಹೆಚ್ಚು. ಮಳೆ ಕಡಮೆಯಾದುದರಿಂದ ಹಿಂದಿನವರಿಗೆ ಕೆರೆಯೇ ಸರ್ವಸ್ವ. ಬಂಡೆ ಹೆಚ್ಚಾದುದರಿಂದ ಬರೆದಿಡುವುದಕ್ಕೆ ಕಲ್ಲಿನ ಕೊರತೆಯಿಲ್ಲ. ಕೆರೆ ಕಟ್ಟಿಸಿದವನಿಗೆ ಕೊಟ್ಟ ಗದ್ದೆ, ಗುಡಿಗೆ ಬಿಟ್ಟ ಹೊಲ, ತುರುಗಳನ್ನು ಬಿಡಿಸಿ ತರಲು ಹೋಗಿ ಮಡಿದವನ ಹೆಸರು, ಇವೇ ಇಂತಹ ಕಲ್ಲುಗಳ ವಿಷಯ.

ನಾವು ಮೊದಲು ಅರಸಿದುದು ಒಂದು ಸಣ್ಣ ಹಳ್ಳಿಯ ದಾನಶಾಸನವನ್ನು. ಹಳ್ಳಿಯ ಹೆಸರನ್ನು ಬೇಕೆಂದೇ ಹೇಳುತ್ತಿಲ್ಲ. ಶಾಸನದ ಕಲ್ಲಿನಡಿಯಲ್ಲಿ ನಿಧಿಯುಂಟೆಂದು ನಂಬಿ ರಾತ್ರಿ ಹಾರೆ ಹಿಡಿದು ಬರುವ ಮೂಢರು ಇನ್ನೂ ಇರುವರು. ಕಲ್ಲು ಗುಡಿಯ ಮುಂದಿದೆಯೆಂದು ಪುಸ್ತಕ ಹೇಳುತ್ತಿತ್ತು. ಗುಡಿ ಜೀರ್ಣೋದ್ಧಾರವಾಗಿ ಹೊಸ ಬಣ್ಣ ತಳೆದಿತ್ತು, ಮುಂದೆ ಕಲ್ಲಿರಲಿಲ್ಲ. ವೃದ್ಧೆಯೊಬ್ಬರು ನಮ್ಮನ್ನು ಕೊಳಾಯಿಯ ಬಳಿಗೆ ಕರೆದೊಯ್ದರು. ಅಲ್ಲಿ ಬಟ್ಟೆ ಒಗೆಯುವ ಚಪ್ಪಡಿಯಾಗಿ, ಅಕ್ಷರಗಳು ಮೇಲ್ಮುಖವಾಗಿ, ಅದು ಮಲಗಿತ್ತು. ಪುಸ್ತಕದಲ್ಲಿ ಪೂರ್ತಿಯಾಗಿ ಅಚ್ಚಾಗಿರುವ ಸಾಲುಗಳಲ್ಲಿ ಮೂರರಲ್ಲೊಂದು ಪಾಲು ಸವೆದುಹೋಗಿತ್ತು. ಉಳಿದುದನ್ನು ಪುಸ್ತಕದ ಸಹಾಯದಿಂದ ಗಟ್ಟಿಯಾಗಿ ಓದಿ, ಇದು ಊರ ಕೆರೆಯ ಕೆಳಗಣ ಗದ್ದೆಯ ದತ್ತಿಯೆಂದು ತಿಳಿಸಿದಾಗ ನೆರೆದವರ ಮುಖಗಳು ಬದಲಾದುವು. ಆ ಕೆರೆ ಇಂದಿಗೂ ಅವರದೇ ಕೆರೆ. ನಾವು ಹೊರಡುವುದರೊಳಗೆ ನಾಲ್ವರು ಯುವಕರು ಹಾರೆ ತಂದು ಕಲ್ಲನ್ನೆಬ್ಬಿಸಿ ಗುಡಿಯ ಜಗಲಿಗೆ ಒರಗಿಸಿದರು. ಅವರನ್ನು ಅದುವರೆಗೆ ಯಾರೂ ಕೇಳಿರಲಿಲ್ಲ, ಅಷ್ಟೆ.

ಮಧ್ಯಾಹ್ನದ ಬುತ್ತಿ ಮಧುಗಿರಿಯಲ್ಲಾಯಿತು. ಸಮುದ್ರಮಟ್ಟಕ್ಕಿಂತ ಸುಮಾರು ೩,೯೦೦ ಅಡಿ ಎತ್ತರದ ಈ ಏಕಶಿಲೆಯ ಬೆಟ್ಟವನ್ನು ಪೂರ್ತಿ ಹತ್ತುವುದು ಬಿಸಿಲೇರಿದ ಮೇಲೆ ವಿವೇಕವಲ್ಲ. ಕೆಳಗಣ ಬಾಗಿಲುಗಳವರೆಗೆ ಹೋಗಿ, ಊರೊಳಗಿನ ಮಲ್ಲೇಶ್ವರ ಮತ್ತು ವೆಂಕಟರಮಣಸ್ವಾಮಿಯ ಗುಡಿಗಳನ್ನು ನೋಡಿ ತೃಪ್ತರಾದೆವು. ೧೭೬೩ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯು ರಾಣಿ ವೀರಮ್ಮಾಜಿಯನ್ನೂ ಅವಳ ದತ್ತಪುತ್ರನನ್ನೂ ಸೆರೆಯಿರಿಸಿದುದು ಈ ಬೆಟ್ಟದಲ್ಲಿಯೇ; ೧೭೬೭ರಲ್ಲಿ ಮಾಧವರಾಯ ಪೇಶ್ವೆಯ ಸೈನ್ಯ ಕೋಟೆಯನ್ನು ಹಿಡಿದಾಗ ಅವರಿಗೆ ಬಿಡುಗಡೆಯಾಯಿತು. ಮಲೆನಾಡಿನ ಮಳೆಯಲ್ಲಿ ಬಾಳಿದ ರಾಣಿಯು ನಾಲ್ಕು ವರ್ಷ ಈ ಬೋಳು ಬಂಡೆಯ ಮೇಲಿನಿಂದ ಒಣ ಬಯಲನ್ನು ನೋಡುತ್ತಿದ್ದಳೆಂಬುದು ಕೆಳಗೆ ನಿಂತು ತಲೆಯೆತ್ತಿದಾಗ ಮನಸ್ಸಿಗೆ ನಾಟುವಷ್ಟು ಪುಸ್ತಕ ಓದಿದಾಗ ನಾಟದು.

ಅಲ್ಲಿಂದ ಸಿರಾ. ಇಂದು ಹೆದ್ದಾರಿಯ ಪಕ್ಕದ ಈ ತಾಲ್ಲೂಕು ಪಟ್ಟಣವು ಮೊಗಲರ ಕಾಲದಲ್ಲಿ ಬಸವಾಪಟ್ಟಣ, ಬೂದಿಹಾಳು, ಸಿರಾ, ಪೆನುಗೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರವೆಂಬ ಏಳು ಪರಗಣೆಗಳ ರಾಜಧಾನಿ. ೧೬೩೮ರಲ್ಲಿ ಬಿಜಾಪುರದವರು, ೧೬೮೭ರಲ್ಲಿ ಮೊಗಲರು, ೧೭೫೭ರಲ್ಲಿ ಮರಾಠರು, ೧೭೫೯ರಲ್ಲಿ ಪುನಃ ಮೊಗಲರು, ೧೭೬೧ರಲ್ಲಿ ಹೈದರಾಲಿ, ೧೭೬೬ರಲ್ಲಿ ಪುನಃ ಮರಾಠರು, ೧೭೭೪ರಲ್ಲಿ ಟಿಪ್ಪು, ಹೀಗೆ ಒಂದೂವರೆ ಶತಮಾನದೊಳಗೆ ಏಳು ಸಲ ಸಿರಾ ಕೈಬದಲಾಯಿಸಿತು. ಟಿಪ್ಪುವಿನ ಆಜ್ಞೆಯಂತೆ ಇಲ್ಲಿಯ ೧೨,೦೦೦ ಕುಟುಂಬಗಳು ಶ್ರೀರಂಗಪಟ್ಟಣದ ಬಳಿಯ ಗಂಜಾಮಿಗೆ ಹೋದುವೆಂದು ಗೆಜೆಟಿಯರು ಹೇಳುವುದು. ಇಷ್ಟಾದರೂ ಬಿಜಾಪುರದ ಸುಬೇದಾರ ಮಲಿಕ್ ರಿಹಾನನ ಗೋರಿಯೂ, ೧೬೯೬ರ ಜುಮ್ಮಾ ಮಸೀದಿಯೂ ನಿಂತಿವೆ. ಇಳಿಬಿಸಿಲಿನಲ್ಲಿ ಮಸೀದಿಯ ಕಲ್ಲಿನ ಕೆಲಸವನ್ನು ನೋಡುತ್ತ ಅರ್ಧ ಗಂಟೆ ಕುಳಿತಿದ್ದೆವು. ದಿನದ ಆಯಾಸವೆಲ್ಲ ಅಲ್ಲಿ ಇಳಿಯಿತು.

ಪಾವಗಡವನ್ನು ಮುಂದಿನ ರಜೆಗೆ ಉಳಿಸಿಕೊಂಡೆವು. ಆಂಧ್ರದ ನೆಲವು ಬಹುಮಟ್ಟಿಗೆ ಸುತ್ತುವರಿದಿರುವ ಆ ತಾಲ್ಲೂಕಿನಲ್ಲಿ, ಕರಿಕಾಲ ಚೋಳನ ವಂಶದವರೆಂದು ಹೇಳಿಕೊಂಡು ಆಳಿದವರ ನಿಡುಗಲ್ಲು ದುರ್ಗವಿದೆ. ನೊಳಂಬರ ರಾಜಧಾನಿ ಹೆಂಜೇರು, ಈಗಿನ ಹೇಮಾವತಿ, ಗಡಿಯಾಚೆ ಆಂಧ್ರಕ್ಕೆ ಸೇರಿದುದು. ಆದರೂ ಅಲ್ಲಿಯ ಶಾಸನಗಳನ್ನು ರೈಸ್ ಸಾಹೇಬರು ಸಿರಾ ತಾಲ್ಲೂಕಿನ ಪುಟಗಳಲ್ಲಿಯೇ ಸೇರಿಸಿರುವರು. ಆಡಳಿತದ ಗೆರೆ ಒಂದು, ನುಡಿಯ ಚರಿತ್ರೆಯ ಗೆರೆ ಬೇರೊಂದು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಡ.

ಇನ್ನು ಈ ವಿನೋದದಿಂದ ಲೋಕಕ್ಕೇನು ಪ್ರಯೋಜನವೆಂದು ಕೇಳುವವರಿಗೆ ಉತ್ತರ. ಮಧುಗಿರಿಯ ಕೋಟೆ, ಸಿರಾದ ಮಸೀದಿಗಳಂತಹವಕ್ಕೆ ಕೇಂದ್ರದ ಪುರಾತತ್ತ್ವ ಇಲಾಖೆಯ ರಕ್ಷಣೆಯುಂಟು. ಹಳ್ಳಿಯ ಕಲ್ಲಿಗೆ ಕಾವಲಿಲ್ಲ. ದತ್ತಿಯನ್ನು ಕೆಡಿಸಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವನೆಂದು ಎಷ್ಟೋ ಶಾಸನಗಳ ಕೊನೆಯಲ್ಲಿ ಶಾಪವುಂಟು; ರಸ್ತೆಗೆ ಜಲ್ಲಿ ಒಡೆಯುವ ಯಂತ್ರಕ್ಕೆ ಆ ಶಾಪ ತಟ್ಟುವುದಿಲ್ಲ. ೧೯೦೯ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ಮೂರು ಆಯಾಮಗಳಲ್ಲಿ ಸೆರೆಹಿಡಿಯುವ ಸ್ತುತ್ಯಕಾರ್ಯವನ್ನು ಕೈಗೊಂಡಿರುವರು. ಆದರೆ ಕಲ್ಲು ಇದೆಯೆಂದು ಯಾರಾದರೂ ನೋಡಿ ಹೇಳಿದರಲ್ಲವೆ ಯಂತ್ರ ಅಲ್ಲಿಗೆ ಹೋಗುವುದು?

ಆದುದರಿಂದ ಈ ನಾಲ್ಕು ತಾಲ್ಲೂಕುಗಳ ಉಪಾಧ್ಯಾಯರಿಗೂ, ವಕೀಲರಿಗೂ, ಕಂದಾಯ ಇಲಾಖೆಯ ಮಹನೀಯರಿಗೂ ನಮ್ಮ ಸೂಚನೆ ಇದು: ಒಬ್ಬೊಬ್ಬರು ಸಂಪುಟದಿಂದ ತಮಗೆ ಹತ್ತಿರದ ಐದು ಕಲ್ಲುಗಳನ್ನು ಆರಿಸಿಕೊಂಡು, ವರ್ಷಕ್ಕೊಂದು ರಜೆಯನ್ನು ಅವುಗಳಿಗೆ ಮೀಸಲಿಡಲಿ, ಕಂಡುದನ್ನು ಊರವರಿಗೆ ಓದಿ ಹೇಳಿ, ಕಾಣದುದನ್ನು ತಹಶೀಲ್ದಾರರಿಗೆ ಬರೆದು ತಿಳಿಸಲಿ. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಅನುದಾನವೂ ಬೇಕಿಲ್ಲ. ಬಸ್ಸಿನ ಚೀಟಿಯ ಹಣ ಸಾಕು. ಸಂಜೆ ಮನೆಗೆ ಬರುವಾಗ ಹಸಿವೂ ನಿದ್ರೆಯೂ ಚೆನ್ನಾಗಿರುವುವೆಂದು ಅನುಭವದಿಂದ ಹೇಳಬಲ್ಲೆವು.