ಕಾಫಿ ಬೀಜಕ್ಕೆ ಆಕಾಶದಿಂದ ಸಾಕ್ಷಿ

ಪಣಂಬೂರು ಕಡಲತೀರಕ್ಕೆ ಹೋಗುವಾಗ ಹೆದ್ದಾರಿಯಲ್ಲಿ ಸಾಲುಗಟ್ಟಿ ಸಾಗುವ ಕಂಟೈನರ್ ಲಾರಿಗಳನ್ನು ನೀವು ನೋಡಿರಬಹುದು. ಅವುಗಳಲ್ಲಿ ಕೆಲವು ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ಬೀಜವನ್ನು ಹೊತ್ತು ಘಟ್ಟ ಇಳಿದು ಬಂದವು. ನವಮಂಗಳೂರು ಬಂದರಿನಲ್ಲಿ ಹಡಗೇರುವ ಈ ಬೀಜ ಇಟಲಿ, ಜರ್ಮನಿಯಂಥ ದೇಶಗಳನ್ನು ಸೇರುತ್ತದೆ. ಅಲ್ಲಿನ ವರ್ತಕರು ಇಷ್ಟು ಕಾಲ ಕೇಳುತ್ತಿದ್ದುದು ರುಚಿ ಮತ್ತು ಬೆಲೆಯನ್ನು. ಈಗ ಇನ್ನೊಂದು ಪ್ರಶ್ನೆ ಸೇರಿದೆ: 'ಈ ಬೀಜ ಬೆಳೆಯಲು ಕಾಡು ಕಡಿದಿದ್ದೀರಾ?'

ಪ್ರಶ್ನೆಗೆ ಕಾರಣವಿದೆ. 1990ರಿಂದ 2020ರವರೆಗೆ ಜಗತ್ತಿನಲ್ಲಿ ಸುಮಾರು 42 ಕೋಟಿ ಹೆಕ್ಟೇರ್ ಕಾಡು ನಾಶವಾಯಿತೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಅಂದಾಜು ಮಾಡಿದೆ. ಇದು ಇಡೀ ಭಾರತದ ವಿಸ್ತೀರ್ಣಕ್ಕಿಂತ ಹೆಚ್ಚು! ಕಾಡು ಕಡಿದದ್ದು ಬಹುಪಾಲು ಬೇಸಾಯಕ್ಕಾಗಿ, ದನಗಳ ಹುಲ್ಲುಗಾವಲಿಗಾಗಿ. ಹಾಗಾಗಿ ಯುರೋಪಿಯನ್ ಒಕ್ಕೂಟ 2023ರಲ್ಲಿ ಒಂದು ಕಾನೂನು ತಂದಿತು. ಕಾಫಿ, ಕೋಕೋ, ರಬ್ಬರ್, ತಾಳೆ ಎಣ್ಣೆ, ಸೋಯಾ, ದನ, ಮರ ಇವು ಏಳೂ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಿಂದ ಬಂದಿರಬಾರದು. ಎರಡು ಸಲ ಮುಂದಕ್ಕೆ ಹೋದ ಈ ಕಾನೂನಿನ ಜಾರಿಗೆ ಈಗ ಗೊತ್ತುಮಾಡಿರುವ ದಿನ 2026ರ ಡಿಸೆಂಬರ್ 30. ಸಣ್ಣ ವ್ಯಾಪಾರಿಗಳಿಗೆ 2027ರ ಜೂನ್ 30.

ಪರೀಕ್ಷೆ ನಡೆಯುವುದು ಹೇಗೆ? ಪ್ರತಿ ತೋಟದ ಅಕ್ಷಾಂಶ, ರೇಖಾಂಶಗಳನ್ನು ಕೊಡಬೇಕು. ನಾಲ್ಕು ಹೆಕ್ಟೇರಿಗಿಂತ ದೊಡ್ಡ ತೋಟವಾದರೆ ಎಲ್ಲೆಯ ನಕ್ಷೆಯೇ ಬೇಕು. ಆ ಜಾಗದ ಹಳೆಯ ಮತ್ತು ಹೊಸ ಉಪಗ್ರಹ ಚಿತ್ರಗಳನ್ನು ಹೋಲಿಸಿ ನೋಡಬಹುದು. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ಸುಮಾರು ಐದು ದಿನಕ್ಕೊಮ್ಮೆ ಅದೇ ಜಾಗದ ಮೇಲೆ ಹಾದುಹೋಗುತ್ತವೆ. ಅವುಗಳ ಚಿತ್ರದಲ್ಲಿ 10 ಮೀಟರ್ ಉದ್ದ, 10 ಮೀಟರ್ ಅಗಲದ ನೆಲ ಒಂದು ಚುಕ್ಕಿ. ಹಸಿರೆಲೆ ನಮ್ಮ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಹೆಚ್ಚಾಗಿ ಹಿಂದಕ್ಕೆ ಚಿಮ್ಮಿಸುತ್ತದೆ. ಮರ ಹೋದರೆ ಆ ಬೆಳಕು ಕುಗ್ಗುತ್ತದೆ. ಮಳೆಗಾಲದ ಮೋಡದ ಮರೆಯಲ್ಲಿ ಏನಾಯಿತೆಂಬುದನ್ನು ಸೆಂಟಿನೆಲ್-1ರ ರೇಡಾರ್ ಹೇಳಬಲ್ಲದು.

ತೊಡಕು ಇರುವುದು ಇಲ್ಲೇ. ಬ್ರೆಜಿಲ್‌ನ ಕಾಫಿ ಹೆಚ್ಚಾಗಿ ಬಯಲಿನಲ್ಲಿ ಬೆಳೆದರೆ ನಮ್ಮದು ಹಲಸು, ಅತ್ತಿ, ನಂದಿ, ಸಿಲ್ವರ್ ಓಕ್ ಮರಗಳ ನೆರಳಿನಲ್ಲಿ ಬೆಳೆಯುತ್ತದೆ. ಮೇಲಿನಿಂದ ನೋಡಿದರೆ ಅದೂ ಕಾಡೇ! ನಕ್ಷೆ ತೋಟವನ್ನು ಕಾಡೆಂದು ಗುರುತಿಸಿಬಿಟ್ಟರೆ, ಬೆಳೆಗಾರ ಮರಗಸಿ ಮಾಡಿದಾಗ, ಅಂದರೆ ನೆರಳಿನ ಮರಗಳ ರೆಂಬೆ ಸವರಿದಾಗ, ಯಂತ್ರಕ್ಕೆ ಅದು ಕಾಡು ಕಡಿದಂತೆ ತೋರಬಹುದು. ಮರದ ನೆರಳಿನ ಬೇಸಾಯ ಕಾಡಲ್ಲವೆಂದು ಕಾನೂನೇ ಹೇಳುತ್ತದೆ. ಆದರೆ ಚುಕ್ಕಿಗೆ ಕಾನೂನು ತಿಳಿಯದು. ಆದ್ದರಿಂದ ಆಕಾಶದ ಸಾಕ್ಷಿಯೊಂದೇ ಸಾಲದು. ಪಹಣಿ, ಹಳೆಯ ದಾಖಲೆ, ನೆಲದ ಮೇಲೆ ನಡೆದು ನೋಡಿದವರ ಮಾತು ಎಲ್ಲವೂ ಬೇಕು.

ನಮ್ಮ ಕಾಫಿ ಬೆಳೆಗಾರರಲ್ಲಿ ಬಹುಪಾಲು ಸಣ್ಣ ಹಿಡುವಳಿದಾರರು. ಹತ್ತಾರು ತೋಟಗಳ ಬೀಜ ಊರಿನ ವ್ಯಾಪಾರಿಯ ಬಳಿ ಒಂದಾಗಿ ಸಂಸ್ಕರಣ ಘಟಕಕ್ಕೆ ಹೋಗುತ್ತದೆ. ಅದರಲ್ಲಿ ಒಂದು ತೋಟದ ಗುರುತು ಇಲ್ಲದಿದ್ದರೂ ಇಡೀ ರಾಶಿ ಯುರೋಪಿಗೆ ಹೋಗಲಾರದು. ಅದಕ್ಕೆಂದೇ ಕಾಫಿ ಮಂಡಳಿ ಮೊಬೈಲ್ ಆ್ಯಪ್ ಮೂಲಕ ಬೆಳೆಗಾರರ ನೋಂದಣಿ ಆರಂಭಿಸಿದೆ. ಯುರೋಪ್ 2025ರಲ್ಲಿ ಭಾರತವನ್ನು ಕಡಿಮೆ ಅಪಾಯದ ದೇಶಗಳ ಪಟ್ಟಿಗೆ ಸೇರಿಸಿರುವುದು ಸಮಾಧಾನದ ಸಂಗತಿ. ಹಾಗೆಂದು ತೋಟದ ಗುರುತು ಕೊಡುವ ಕೆಲಸ ತಪ್ಪಿಲ್ಲ. ಮೊಬೈಲ್ ಬಳಕೆ ತಿಳಿಯದ ಅಜ್ಜನಿಗೆ ಈ ಕೆಲಸದಲ್ಲಿ ನೆರವಾಗಬಲ್ಲವರು ಮನೆಯ ಮಕ್ಕಳೇ.

ಇನ್ನೊಂದು ಮಾತು. ಕಾಫಿ ಹೊರಗೆ ಹೋಗುವ ಇದೇ ಬಂದರಿಗೆ ವಿದೇಶದ ತಾಳೆ ಎಣ್ಣೆ ಬಂದಿಳಿಯುತ್ತದೆ. ಭಾರತ ಅದನ್ನು ಮುಖ್ಯವಾಗಿ ತರಿಸುವುದು ಇಂಡೊನೇಷ್ಯಾ, ಮಲೇಷ್ಯಾಗಳಿಂದ. ತಾಳೆ ತೋಟಗಳಿಗಾಗಿ ಅಲ್ಲಿ ಅಪಾರ ಮಳೆಕಾಡು ಅಳಿದಿದೆ. ಆದರೆ ಆ ಎಣ್ಣೆ ಯಾವ ನೆಲದ್ದೆಂದು ಕೇಳುವ ಕಾನೂನು ನಮ್ಮಲ್ಲಿಲ್ಲ. ನಮ್ಮ ರೈತನಿಗೆ ಯುರೋಪ್ ಕೇಳುವ ಪ್ರಶ್ನೆಯನ್ನು ನಾವೂ ಒಮ್ಮೆ ನಮ್ಮ ಅಡುಗೆಮನೆಯಲ್ಲಿ ಕೇಳಿಕೊಳ್ಳಬಹುದಲ್ಲವೇ? ಇಂದು ಸಂಜೆ ಬಿಸ್ಕತ್ತಿನ ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳನ್ನು ಮಕ್ಕಳಿಂದ ಓದಿಸಿ ನೋಡಿ.